ಯಾವುದನ್ನ ಬಿಡ್ತೀರಿ?

ಆಂಬ್ಯುಲೆನ್ಸ್‌ಗಳು ಎಲ್ಲೆಲ್ಲಿ ನಿಲ್ಲಬೇಕೆಂದು ಲೆಕ್ಕ ಹಾಕಿ ಹೇಳುವ ನಮ್ಮ ಆಫೀಸಿನ ಲೆಕ್ಕದಮ್ಮನನ್ನು ‘ಯಾವುದು ಒಳ್ಳೇದು?’ ಎಂದು ಮಾತ್ರ ಕೇಳಬಾರದು. ಮೂಗಿನ ತುದಿಯ ಕನ್ನಡಕದ ಮೇಲಿಂದ ನೋಡಿ, ‘ಅದು ಬೇಕಾದ್ರೆ ಯಾವುದನ್ನ ಬಿಡ್ತೀರಿ?’ ಎನ್ನುತ್ತಾಳೆ. ಗಂಡನಿಗೆ ಚಪ್ಪಲಿ ಕೊಳ್ಳುವಾಗಲೂ ಅಷ್ಟೇ: ಕಾಗದದ ಮೇಲೆ ನಕ್ಷೆ ಬರೆದು, ಅಗ್ಗ ಒಂದು ಗೆರೆಗೆ, ಬಾಳಿಕೆ ಇನ್ನೊಂದು ಗೆರೆಗೆ, ಪ್ರತಿ ಜೋಡಿಗೂ ಒಂದು ಚುಕ್ಕಿ. ಎರಡರಲ್ಲೂ ಸೋತ ಚುಕ್ಕಿಗಳನ್ನು ಅಳಿಸಿ ಮುಗಿಸುವಷ್ಟರಲ್ಲಿ ಅಂಗಡಿಯವನು ಬಾಗಿಲು ಎಳೆದಿರುತ್ತಾನೆ, ಗಂಡ ಬರಿಗಾಲಲ್ಲಿ ನಿಂತಿರುತ್ತಾನೆ. ಒಮ್ಮೆ ಆಂಬ್ಯುಲೆನ್ಸ್‌ಗಳ ಜಾಗ ಗೊತ್ತುಮಾಡುವಾಗ ಸಾಹೇಬರು, ‘ಖರ್ಚಿಗಿಷ್ಟು, ವೇಗಕ್ಕಿಷ್ಟು ತೂಕ ಹಾಕಿ ಕೂಡಿಸಿಬಿಡಮ್ಮ’ ಎಂದಾಗ ಕೆಂಡಾಮಂಡಲವಾದಳು. ‘ಕೂಡಿಸಿದ್ರೆ ಪೇಟೆಯವರಿಗೆ ಗಾಡಿ ಬೇಗ ಸಿಗೋದರ ಮರೇಲಿ ಗುಡ್ಡದ ಕೊನೇ ಮನೆ ಕಾಣಿಸೋದೇ ಇಲ್ಲ ಸಾರ್! ಯಾವ ಮನೇನೂ ಇದಕ್ಕಿಂತ ಹೆಚ್ಚು ಕಾಯಬಾರದು ಅಂತ ಮೊದ್ಲು ಒಂದು ಮಿತಿ ಹಾಕಿ. ಆಮೇಲೆ ಖರ್ಚನ್ನ ಎಷ್ಟು ಬೇಕಾದ್ರೂ ಹಿಂಡಿ.’ ಹಟ ಹಿಡಿದು ಮಿತಿ ಹಾಕಿಸಿಯೇ ಬಿಟ್ಟಳು. ಗಾಡಿಯೊಂದು ಗುಡ್ಡದ ಬುಡಕ್ಕೆ ಹೋಯಿತು. ಅಲ್ಲಿ ನೊಣ ಹೊಡೆಯಬೇಕಷ್ಟೆ ಎಂದು ನಾವೆಲ್ಲ ನಕ್ಕೆವು. ಮೊನ್ನೆ ಬೆಳಿಗ್ಗೆ ಆ ಗಾಡಿಯ ಡ್ರೈವರ್ ಫೋನಿನಲ್ಲಿ ಕೂಗಿದ: ‘ಕೊನೇ ಮನೆಯವರ ಹೆರಿಗೆ ಮೇಡಂ! ಸರಿಯಾದ ಹೊತ್ತಿಗೆ ಆಸ್ಪತ್ರೆ ಸೇರಿಸಿದ್ವಿ. ತಾಯಿ, ಮಗು ಇಬ್ರೂ ಚೆನ್ನಾಗಿದ್ದಾರೆ!’ ಆಫೀಸೆಲ್ಲ ಚಪ್ಪಾಳೆಯೋ ಚಪ್ಪಾಳೆ. ಲೆಕ್ಕದಮ್ಮ ಮಾತ್ರ ಕನ್ನಡಕ ತೆಗೆದು, ತನ್ನ ಕಿವಿಯನ್ನೇ ನಂಬದವಳಂತೆ ಕೇಳುತ್ತಿದ್ದಳು: ‘ಇಬ್ರೂನಾ? ಯಾರನ್ನೂ ಬಿಡದೆ, ಇಬ್ರೂನಾ?’