ಫಲಕದ ಮೇಲಿನ ಕುಸುಮಾವತಿ

ತಮ್ಮ ಹೆಸರಿನಲ್ಲಿ ಒಂದು ದಾರೂ ಅಂಗಡಿ ಇದೆ ಎಂಬುದು ಕುಸುಮಾವತಿಯವರಿಗೆ ಗೊತ್ತಾದದ್ದು ಸ್ವಂತ ಊರಾದ ಭಾಲ್ಕಿಯ ಬಂಧುಗಳ ವಾಟ್ಸ್‌ಆ್ಯಪ್ ಗುಂಪಿನಿಂದ. ಮುಂಬೈಯಿಂದ ನಾಸಿಕಕ್ಕೆ ಬರುತ್ತಿದ್ದ ಸಂಬಂಧಿಕರೊಬ್ಬರು ದಾರಿಯ ಘೋಟಿಯಲ್ಲಿ ಚಹಾಕ್ಕೆ ಇಳಿದವರು, ಎದುರಿನ ದೇಶಿ ದಾರೂ ಅಂಗಡಿಯ ಫೋಟೊ ತೆಗೆದು ಹಾಕಿದ್ದರು. ಫಲಕದ ಮೇಲೆ ದಪ್ಪ ಮರಾಠಿ ಅಕ್ಷರಗಳಲ್ಲಿ ಪರವಾನಗಿದಾರರ ಹೆಸರು: ಶ್ರೀಮತಿ ಕುಸುಮಾವತಿ ವಿಶ್ವನಾಥಪ್ಪ. 'ಇವರು ನಮ್ಮವರೇ ಏನು?' ಎಂದು ಯಾರೋ ಕೇಳಿದ್ದರು.

ನಮ್ಮವರೇ. ಮದುವೆಯಾಗಿ ನಾಸಿಕದ ಪಂಚವಟಿಗೆ ಬಂದಾಗಿನಿಂದ ಅಲ್ಲೇ ಇರುವವರು. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ. ಬುಟ್ಟಿಯಲ್ಲಿ ದ್ರಾಕ್ಷಿ ಸ್ವಲ್ಪ ಹುಳಿತರೂ ಮೂಗು ಮುಚ್ಚಿಕೊಂಡು ಹೊರಗೆಸೆಯುವ ಹೆಂಗಸು. ಗಂಡ ವಿಶ್ವನಾಥಪ್ಪ ಬೇಳೆಯ ಸಗಟು ವ್ಯಾಪಾರಿ. ಘೋಟಿಯಲ್ಲಿ ಭುಜಂಗ ಎಂಬ ತಮ್ಮೂರಿನವನ ಜೊತೆ ಅವರಿಗೊಂದು ಪಾಲುದಾರಿಕೆ ಇತ್ತು. ಅದು ಬೇಳೆಯ ಗೋಡೌನ್ ಎಂದೇ ಕುಸುಮಾವತಿ ತಿಳಿದಿದ್ದರು. ಗಂಡ ತೀರಿಕೊಂಡಾಗ ಭುಜಂಗ ಕಾಗದಗಳ ಕಟ್ಟು ತಂದಿದ್ದ. ಅಳುತ್ತಲೇ ಅವರು ಸಹಿ ಹಾಕಿದ್ದರು.

ತಮ್ಮನ್ನು ವೈನಿ, ಅಂದರೆ ಅತ್ತಿಗೆ, ಎಂದೇ ಕರೆಯುವ ಅವನಿಗೆ ಫೋನ್ ಮಾಡಿದರು.

"ಹೆಸರಷ್ಟೇ ನಿಮ್ದು ವೈನಿ, ಅಂಗಡಿ ನಾ ನೋಡ್ಕೋತೀನಿ. ವಾರಸುದಾರ್ರ ಹೆಸರಿಗಿ ಮಾಡಿಲ್ಲಂದ್ರ ಲೈಸೆನ್ಸೇ ಹೋಗ್ತಿತ್ತು."

"ಹೋಗ್ಲಿ ಬಿಡ್ರಿ! ಮೊದ್ಲ ಆ ಬೋರ್ಡ್ ಮ್ಯಾಲಿಂದ ನನ್ನ ಹೆಸರು ಅಳಸ್ರಿ."

"ಹಂಗ ಅಳಸ್ಲಕ ಬರಂಗಿಲ್ರಿ. ಹೆಸರು ಕಾಣೋ ಹಂಗ ಇರ್ಬೇಕಂತ ಸರ್ಕಾರದ್ದೇ ರೂಲ್ ಅದ."

ಬೇಡವಾದ ವಸ್ತುವನ್ನು ಕೊಟ್ಟವರಿಗೇ ಮರಳಿಸಿದರಾಯಿತು ಎಂದುಕೊಂಡು ಅವರು ಮಗಳು ಮಂಜುಶ್ರೀಯನ್ನು ಕರೆದುಕೊಂಡು ನಾಸಿಕದ ಅಬಕಾರಿ ಕಚೇರಿಗೆ ಹೋದರು. ಈ ಪರವಾನಗಿ ಮೂಲತಃ ಔರಂಗಾಬಾದಿನದು, ಆಮೇಲೆ ಘೋಟಿಗೆ ಬಂದದ್ದು, ಔರಂಗಾಬಾದಿನಿಂದ ಆಕ್ಷೇಪವಿಲ್ಲವೆಂಬ ಪತ್ರ ತನ್ನಿ ಎಂದು ಗುಮಾಸ್ತ ಹೇಳಿದ. ತಾಯಿ ಮಗಳು ಬಸ್ಸು ಹತ್ತಿ, ಈಗ ಛತ್ರಪತಿ ಸಂಭಾಜಿನಗರವಾಗಿರುವ ಆ ಊರಿಗೆ ಹೋದರು. ಅಲ್ಲಿನ ಗುಮಾಸ್ತ ಕಂಪ್ಯೂಟರಿನಲ್ಲಿ ಹುಡುಕಿ ತಲೆಯಾಡಿಸಿದ. ಹಳೆಯ ಆದೇಶದಲ್ಲಿ ಔರಂಗಾಬಾದ್ ಎಂದಿದೆ, ಕಂಪ್ಯೂಟರಿನಲ್ಲಿ ಆ ಹೆಸರಿನ ಜಿಲ್ಲೆಯೇ ಇಲ್ಲ. ಎರಡೂ ಒಂದೇ ಊರೆಂದು ದಾಖಲೆ ತನ್ನಿ ಎಂದ.

"ಸಾಹೇಬ್, ತುಮ್ಹೀ ಕುಠೇ ಬಸ್‌ಲಾತ್?" ಎಂದಳು ಮಂಜುಶ್ರೀ. ನೀವು ಕೂತಿರುವುದಾದರೂ ಯಾವ ಊರಿನಲ್ಲಿ ಎಂದು.

ಆತ ಸಿಟ್ಟಾಗಲಿಲ್ಲ. ಊಟದ ಹೊತ್ತಾಯಿತೆಂದು ಎದ್ದುಹೋದ.

ತಾಯಿ ಮಗಳು ಬರಿಗೈಯಲ್ಲಿ ನಾಸಿಕಕ್ಕೆ ಮರಳಿದರು. ಮರುದಿನ ಕುಸುಮಾವತಿ ಒಂದು ಡಬ್ಬಿ ಕಪ್ಪು ಬಣ್ಣ, ಒಂದು ಬ್ರಶ್ಶು ಕೊಂಡು ಒಬ್ಬರೇ ಘೋಟಿಗೆ ಹೊರಟರು.

ಭುಜಂಗ ಅಂಗಡಿಯಲ್ಲಿರಲಿಲ್ಲ. ಪಕ್ಕದ ಚಹಾದವನಿಂದ ಸ್ಟೂಲು ಕೇಳಿ ಹತ್ತಿ ನಿಂತರು. ಬ್ರಶ್ಶು ಅದ್ದುವಷ್ಟರಲ್ಲಿ ಬೀದಿಯ ತುದಿಯಿಂದ ಹೆಂಗಸರ ಗುಂಪೊಂದು ಕೊಡೆ ಹಿಡಿದು ಕೂಗುತ್ತಾ ಬಂತು. "ದಾರೂ ದುಕಾನ ಬಂದ್ ಕರಾ! ಕುಸುಮಾವತಿ ಮುರ್ದಾಬಾದ್!"

ಕುಸುಮಾವತಿ ಸ್ಟೂಲಿನ ಮೇಲಿಂದಲೇ ತಿರುಗಿ ನೋಡಿದರು. ಹುಟ್ಟಿದಾಗಿನಿಂದ ಯಾರೂ ಅವರ ಹೆಸರನ್ನು ಇಷ್ಟು ಗಟ್ಟಿಯಾಗಿ ಕೂಗಿರಲಿಲ್ಲ. ಗುಂಪಿನ ಮುಂದಿದ್ದವಳು ಗೋದಾವರಿ, ಶಾಲೆಯಲ್ಲಿ ಬಿಸಿಯೂಟ ಬೇಯಿಸುವವಳು. ಕೆಳಗಿನಿಂದ ನೋಡಿ, ನೀವು ಯಾರು ಎಂದು ಕೇಳಿದಳು.

"ನಾನೇ ರೀ ಕುಸುಮಾವತಿ," ಎಂದರು ಕನ್ನಡದಲ್ಲಿ. ಆಮೇಲೆ ಮರಾಠಿಯಲ್ಲಿ, ನನಗೂ ಇದು ಬೇಡ, ಅಳಿಸಲಿಕ್ಕೇ ಬಂದಿದ್ದೇನೆ ಎಂದು ಬ್ರಶ್ಶು ತೋರಿಸಿದರು. ಗೋದಾವರಿ ನಕ್ಕಳು, ಉಳಿದವರೂ ನಕ್ಕರು. ಮೆರವಣಿಗೆಯ ಜೊತೆ ಬಂದಿದ್ದ ಪೊಲೀಸ್ ಪೇದೆಯೊಬ್ಬ ಮಾತ್ರ ನಗದೆ, ಫಲಕ ಕೆಡಿಸಿದರೆ ಕೇಸಾಗುತ್ತದೆ ಎಂದು ಬಣ್ಣದ ಡಬ್ಬಿ ಕಸಿದುಕೊಂಡ.

"ನನ್ನ ಹೆಸರು ನಾ ಅಳಸ್ಲಕೂ ಬರಂಗಿಲ್ಲೇನು?" ಕುಸುಮಾವತಿಯವರ ಕಣ್ಣಲ್ಲಿ ನೀರು ಬಂತು. ಅದು ದುಃಖದ್ದಲ್ಲ, ಸಿಟ್ಟಿನದು.

ದಾರಿ ತೋರಿಸಿದವಳು ಗೋದಾವರಿ. ಮಹಾರಾಷ್ಟ್ರದಲ್ಲಿ ಹೆಂಗಸರೇ ಮತ ಹಾಕಿ ದಾರೂ ಅಂಗಡಿ ಮುಚ್ಚಿಸಬಹುದು. ಮತಪತ್ರದಲ್ಲಿ ಎರಡು ಬಾಟಲಿಗಳ ಚಿತ್ರ ಇರುತ್ತದೆ: ನಿಂತ ಬಾಟಲಿಗೆ ಮುದ್ರೆ ಒತ್ತಿದರೆ ಅಂಗಡಿ ಉಳಿಯುತ್ತದೆ, ಅಡ್ಡ ಬಿದ್ದ ಬಾಟಲಿಗೆ ಒತ್ತಿದರೆ ಹೋಗುತ್ತದೆ. ಮತದಾನ ಬೇಕೆಂದು ಕೇಳಲು ಮೊದಲು ಸಹಿ ಬೇಕು. ಕುಸುಮಾವತಿ ಪೆನ್ನು ತೆಗೆದರು. ನೀವು ಘೋಟಿಯ ಮತದಾರರಲ್ಲ, ನಿಮ್ಮ ಸಹಿ ನಡೆಯುವುದಿಲ್ಲ ಎಂದಳು ಗೋದಾವರಿ.

ಸಹಿ ನಡೆಯದಿದ್ದರೂ ಕಾಲು ನಡೆಯುತ್ತಿತ್ತು. ಆ ಮಳೆಗಾಲವಿಡೀ ಅವರು ಘೋಟಿಗೆ ಬಂದು ಮನೆಮನೆ ತಿರುಗಿದರು. ಕೊನೆಗೂ ಮತದಾನವಾಯಿತು. ಅವರು ಮತಗಟ್ಟೆಯಾಗಿದ್ದ ಶಾಲೆಯ ಗೇಟಿನ ಹೊರಗೆ ನಿಂತು ಸಾಲು ನೋಡಿದರು. ಅಡ್ಡ ಬಾಟಲಿ ಗೆದ್ದಿತು, ಅಂಗಡಿಗೆ ಬೀಗ ಬಿತ್ತು.

ಪೇಢೆ ಹಿಡಿದು ನಾಸಿಕದ ಕಚೇರಿಗೆ ಹೋದರೆ ಗುಮಾಸ್ತ ಒಂದನ್ನು ಬಾಯಿಗೆ ಹಾಕಿಕೊಂಡು ಹೇಳಿದ: "ಅಂಗಡಿ ಬಂದ್, ಅಮ್ಮಾ. ಲೈಸೆನ್ಸ್ ಜೀವಂತ ಇದೆ. ಬೇರೆ ಕಡೆಗೆ ಒಯ್ಯಬಹುದು. ಭುಜಂಗರಾವ್ ಇಗತಪುರಿ ಸ್ಟೇಷನ್ ಹತ್ತಿರ ಜಾಗ ನೋಡಿದ್ದಾರೆ."

ಕುಸುಮಾವತಿ ಪೇಢೆಯ ಡಬ್ಬಿ ಮುಚ್ಚಿದರು. "ಒಯ್ಯಲು ಯಾರ ಸಹಿ ಬೇಕು?"

"ನಿಮ್ಮದು. ಇಲ್ಲವೇ ನೀವು ಮುಖತ್ಯಾರ ಪತ್ರ ಕೊಟ್ಟವರದು."

ತಮ್ಮ ಪರವಾಗಿ ಸಹಿ ಹಾಕುವ ಅಧಿಕಾರವನ್ನೂ ಗಂಡ ತೀರಿಕೊಂಡಾಗಿನ ಆ ಕಾಗದಗಳ ಕಟ್ಟಿನಲ್ಲಿ ಭುಜಂಗನಿಗೆ ಬರೆದುಕೊಟ್ಟಿದ್ದರು! ಆ ಮಧ್ಯಾಹ್ನವೇ ವಕೀಲರನ್ನು ಹಿಡಿದು ಅದನ್ನು ರದ್ದು ಮಾಡಿಸಿದರು. ಸುದ್ದಿ ತಿಳಿದು ಭುಜಂಗ ಪಂಚವಟಿಯ ಮನೆಗೆ ಓಡಿಬಂದ.

"ವೈನಿ, ಅಣ್ಣಾವ್ರು ಕಟ್ಟಿದ್ದು. ಹಿಂಗ ಹಾಳ್ ಮಾಡ್ಬ್ಯಾಡ್ರಿ. ಒಂದು ಸಹಿ ಹಾಕ್ರಿ."

"ಅವ್ರು ಕಟ್ಟಿದ್ದು ನನಗ ಹೇಳಿದ್ರೇನು? ಚಾ ಕುಡಿಯೋದಿದ್ರ ಕೂಡ್ರಿ. ಸಹಿ ಬೇಕಂದ್ರ ಬಾಗಿಲು ಅಲ್ಲಿ ಅದ."

ನವೀಕರಣದ ಅವಧಿ ಅವರ ಸಹಿಯಿಲ್ಲದೆ ಕಳೆಯಿತು. ಇಲಾಖೆಯಿಂದ ನೋಟಿಸ್ ಬಂತು: ಕೂಡಲೇ ನವೀಕರಿಸದಿದ್ದರೆ ನಿಮ್ಮ ಪರವಾನಗಿ ರದ್ದಾಗುತ್ತದೆ. ಮಂಜುಶ್ರೀ ಓದಿ ಹೇಳಿದಾಗ ಕುಸುಮಾವತಿ ಇನ್ನೊಮ್ಮೆ ಓದಿಸಿದರು. ಬೇಡಿದಾಗ ಕೊಡದಿದ್ದುದನ್ನು ಸರ್ಕಾರ ಈಗ ಬೆದರಿಕೆಯಾಗಿ ಕಳಿಸಿತ್ತು. ಮುಂದಿನ ಬೇಸಿಗೆಯಲ್ಲಿ ರದ್ದತಿಯ ಆದೇಶ ಬಂತು. ಘೋಟಿಯ ಹೆಂಗಸರು ಫಲಕ ಇಳಿಸಿದರು.

ಎರಡು ತಿಂಗಳಷ್ಟೇ ನೆಮ್ಮದಿ. ಒಂದು ಬೆಳಿಗ್ಗೆ ಗೋದಾವರಿಯ ಫೋನ್. ಅದೇ ಮಳಿಗೆಯಲ್ಲಿ ಭುಜಂಗ ಒಂದು ಕ್ರೀಡಾ ಮಂಡಳ ನೋಂದಣಿ ಮಾಡಿಸಿದ್ದಾನೆ. ಕ್ರೀಡೆ ಎಂದರೆ ಇಸ್ಪೀಟು, ಬಾಗಿಲು ಮುಚ್ಚಿ ಹಣ ಕಟ್ಟಿ ಆಡುವುದು. ಬಾಟಲಿಯ ಮತದಾನ ಕ್ಲಬ್ಬಿಗೆ ಅನ್ವಯಿಸುವುದಿಲ್ಲವಂತೆ.

"ಯಾರ ಹೆಸರಲ್ಲಿ ಮಾಡ್ಯಾನ?" ಎಂದು ಬಾಯಿತಪ್ಪಿ ಕನ್ನಡದಲ್ಲೇ ಕೇಳಿ, ಮತ್ತೆ ಮರಾಠಿಯಲ್ಲಿ ಕೇಳಿದರು ಕುಸುಮಾವತಿ.

ಅವನ ಹೆಂಡತಿಯ ಹೆಸರಲ್ಲಿ ಎಂದಳು ಗೋದಾವರಿ.

"ಆಕಿಗಿ ಗೊತ್ತದೋ ಇಲ್ಲೋ, ಪಾಪ," ಎಂದು ತಮ್ಮಷ್ಟಕ್ಕೆ ಗೊಣಗುತ್ತಾ ಅವರು ಚಪ್ಪಲಿ ಮೆಟ್ಟಿ ಬಸ್ ನಿಲ್ದಾಣದ ಕಡೆ ಹೊರಟರು.