ತಾತನ ಸುತ್ತಿಗೆ ನಿಂತ ಸಾಲು

ಇಂಥದ್ದನ್ನೆಲ್ಲ ನಾನು ನಂಬುವವಳಲ್ಲ, ಮೊದಲೇ ಹೇಳಿಬಿಡುತ್ತೇನೆ. ಮುಳಬಾಗಿಲಿನ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಯಾರಾದರೂ ಗಾಳಿ ಸೋಕಿತು, ಮೈಮೇಲೆ ಬಂತು ಎಂದು ಶುರು ಮಾಡಿದರೆ "ಟೀ ಆರೋಗುತ್ತೆ, ಕುಡೀರಿ" ಎಂದು ಬಾಯಿ ಮುಚ್ಚಿಸುತ್ತಿದ್ದವಳು ನಾನೇ. ವಿಚಿತ್ರ ಅನುಭವ ಎಂದರೆ ನಡುರಾತ್ರಿ ಆಗಬೇಕು, ನಾಯಿ ಊಳಿಡಬೇಕು, ಕರೆಂಟು ಹೋಗಬೇಕು. ನನಗೆ ಆದದ್ದು ಮಧ್ಯಾಹ್ನ ಮೂರು ಗಂಟೆಗೆ, ಶಿವಾರಪಟ್ಟಣದ ಒಂದು ಶೀಟಿನ ಶೆಡ್ಡಿನಲ್ಲಿ, ಸುತ್ತಲೂ ಕಲ್ಲು ಕೊಯ್ಯುವ ಮಿಷನ್ನುಗಳು ಕಿರುಚುತ್ತಿದ್ದಾಗ. ಆಗಿ ಆರು ವರ್ಷವಾಯಿತು. ನೆನೆಸಿಕೊಂಡರೆ ಇವತ್ತಿಗೂ ಹೆದರಿಕೆ ಆಗುವುದಿಲ್ಲ, ಸಿಟ್ಟು ಬರುತ್ತದೆ.

ಸಿಟ್ಟು ಶುರುವಾದದ್ದು ಹಿಂದಿನ ದಿನವೇ, ಕಥಾ ಕಮ್ಮಟದಲ್ಲಿ. ನಾನು ಕಥೆ ಬರೆಯುತ್ತೇನೆ. ಹಾಗಾಗಿ ಕಮ್ಮಟ, ಶಿಬಿರ, ಸಾಹಿತ್ಯ ಉತ್ಸವ ಎಂದು ಕರೆದಲ್ಲಿಗೆಲ್ಲ ಬ್ಯಾಗು ಹೊತ್ತುಕೊಂಡು ಹೋಗಿದ್ದೇನೆ. ಎಲ್ಲ ಕಡೆಯೂ ಅದೇ ಪಲಾವು, ಅದೇ ಭಾಷಣ. ಬೆಂಗಳೂರಿನಿಂದ ಕಾರಿನಲ್ಲಿ ಬಂದವರು ಸಂಪನ್ಮೂಲ ವ್ಯಕ್ತಿಗಳು. ಇಲ್ಲೇ ಹುಟ್ಟಿ ಇಲ್ಲೇ ಬೆಳೆದ ನಾವು ಸ್ಥಳೀಯ ಪ್ರತಿಭೆಗಳು. ಐವತ್ತರ ಹತ್ತಿರ ಬಂದ ಹೆಂಗಸನ್ನು ಮೈಕಿನಲ್ಲಿ ಪ್ರತಿಭೆ ಎಂದು ಕರೆಯುವುದಕ್ಕೆ ಇವರಿಗೆ ನಾಚಿಕೆಯೂ ಆಗುವುದಿಲ್ಲ.

ಆ ಕಮ್ಮಟ ನಡೆದದ್ದು ಮಾಲೂರಿನ ಹತ್ತಿರದ ಒಂದು ವಸತಿ ಶಾಲೆಯಲ್ಲಿ, ಮೂರು ದಿನ. ನಿರ್ದೇಶಕರು ಹಿರಿಯ ಕಥೆಗಾರರು, ಹೆಸರು ಬೇಡ. ಎರಡನೆಯ ದಿನ ನನ್ನ ಕಥೆಯನ್ನು ಎಲ್ಲರ ಮುಂದೆ ಹರವಿಕೊಂಡು ಕೂತರು.

"ನೋಡಿಮ್ಮಾ, ಈ ತಾಯಿ ಮಾತಿಗೊಂದು ತೆಲುಗು ಪದ ಯಾಕೆ ಆಡಬೇಕು? ಧಾರವಾಡದ ಓದುಗನಿಗೆ ಅರ್ಥ ಆಗುತ್ತಾ?" ಎಂದರು.

"ನಮ್ಮ ಶ್ರೀನಿವಾಸಪುರದ ಕಡೆ ಹಂಗೇ ಮಾತಾಡೋದು ಸಾರ್. ಧಾರವಾಡದವರು ಬರೆದಿದ್ದನ್ನ ನಾವು ಅರ್ಥ ಮಾಡ್ಕೊಂಡು ಓದ್ತಾ ಇಲ್ವಾ?" ಎಂದೆ.

ಮಗುವಿನ ಮಾತಿಗೆ ನಗುವಂತೆ ನಕ್ಕು, ಅಮ್ಮನ ತೆಲುಗು ಮಾತುಗಳನ್ನೆಲ್ಲ ಪೆನ್ಸಿಲ್ಲಿನಲ್ಲಿ ಹೊಡೆದುಹಾಕಿದರು. ಮೈ ಉರಿದುಹೋಯಿತು. ಅಲ್ಲ, ನನ್ನ ಅಮ್ಮ ಯಾವ ಭಾಷೆಯಲ್ಲಿ ಬೈಯಬೇಕು ಎಂದು ಹೇಳುವುದಕ್ಕೆ ಇವರು ಯಾರು? ಆದರೆ ಅದೇ ಮನುಷ್ಯ ಕೊನೆಯ ಪುಟದ ಒಂದು ಸಾಲನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಇಡೀ ಕಥೆ ನಿಂತಿರೋದು ಈ ಸಾಲಿನ ಮೇಲೆ, ಇದನ್ನ ಮುಟ್ಟಬೇಡಿ" ಎಂದರು. ಆ ಸಿಟ್ಟಿನಲ್ಲೂ ಒಳಗೊಳಗೇ ಹಿಗ್ಗಿದೆ.

ಕಥೆ ನನ್ನದು ಮತ್ತು ನನ್ನ ತಂಗಿ ರತ್ನಳದು. ನಮ್ಮದು ರೇಷ್ಮೆ ಹುಳ ಸಾಕುವ ಮನೆ. ಒಂದು ವರ್ಷ ಪಿಯುಸಿ ಫೇಲಾಗಿದ್ದ ನಾನು ತಂಗಿಯ ಜೊತೆಗೇ ಪಾಸಾದೆ. ಮೇಷ್ಟ್ರ ತರಬೇತಿಗೆ ಇಬ್ಬರೂ ಅರ್ಜಿ ಹಾಕಿದೆವು. ಇಬ್ಬರಿಗೂ ಕೋಲಾರದಲ್ಲಿ ಒಂದೇ ದಿನ ಸಂದರ್ಶನ ಬಂತು. ಅದೇ ದಿನ ಮನೆಯಲ್ಲಿ ಹುಳ ಹಣ್ಣಾದವು. ಹಣ್ಣಾದ ಹುಳವನ್ನು ಹೊತ್ತು ಮೀರದಂತೆ ಆರಿಸಿ ಗೂಡು ಕಟ್ಟಲು ಬಿದಿರು ತಟ್ಟಿಯ ಚಂದ್ರಿಕೆಗೆ ಬಿಡದಿದ್ದರೆ ತಿಂಗಳ ದುಡಿಮೆ ಮಣ್ಣುಪಾಲು. ಒಬ್ಬಳು ಮನೆಯಲ್ಲಿ ನಿಲ್ಲಲೇಬೇಕಿತ್ತು. ಕಥೆಯಲ್ಲಿ ತಂಗಿ ಅಕ್ಕನ ಕೈ ಹಿಡಿದುಕೊಂಡು ಹೇಳುತ್ತಾಳೆ: "ನೀನೇ ಹೋಗಕ್ಕ, ಹುಳಾನ ನಾನು ನೋಡ್ಕೊಂತೀನಿ." ನಿರ್ದೇಶಕರು ಕಣ್ಣೊರೆಸಿಕೊಂಡದ್ದು ಈ ಸಾಲಿಗೆ.

ರತ್ನ ಹಾಗೆ ಹೇಳಿರಲಿಲ್ಲ. ಅವಳ ಮಾರ್ಕ್ಸು ನನಗಿಂತ ಹೆಚ್ಚು. ಹೆಚ್ಚು ಇರುವವಳು ಹೋಗಲಿ ಎಂದು ಅಮ್ಮ ಹಿಂದಿನ ದಿನವೇ ತೀರ್ಮಾನ ಮಾಡಿದ್ದಳು. ಹೋಗುವ ಮುಂಚೆ ಇನ್ನೂ ಹಣ್ಣಾಗದ ಹುಳಕ್ಕೆ ಒಂದು ಹೊರೆ ಸೊಪ್ಪು ತಂದುಹಾಕಿಬಿಡುತ್ತೇನೆ ಎಂದು ರತ್ನ ಬೆಳಗಿನ ಜಾವ ತೋಟಕ್ಕೆ ಹೋದಳು. ಮಡಿಕೆ ಗೆರೆ ಕೂರಲಿ ಎಂದು ಅವಳು ದಿಂಬಿನಡಿ ಮಡಿಸಿಟ್ಟಿದ್ದ ಸೀರೆಯನ್ನೇ ಉಟ್ಟುಕೊಂಡು ನಾನು ಆರೂವರೆ ಬಸ್ಸು ಹತ್ತಿದೆ. ಅಮ್ಮ ನಾಲ್ಕು ದಿನ ನನ್ನ ಜೊತೆ ಮಾತು ಬಿಟ್ಟಳು, ಆಮೇಲೆ ತಾನೇ ಮಾತಾಡಿಸಿದಳು. ನಾನು ಮೇಡಂ ಆದೆ. ರತ್ನ ಮದುವೆಯಾಗಿ ಮಾಲೂರಿಗೆ ಹೋಗಿ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿಕೊಂಡಳು. ಅವಳು ಒಂದು ದಿನವೂ ಆ ಮಾತೆತ್ತಲಿಲ್ಲ. ನಾನೇ ಮದುವೆ, ನಾಮಕರಣ ಎಂದು ಸೇರಿದ ಕಡೆಯೆಲ್ಲ "ನಮ್ ರತ್ನ ನನಗೋಸ್ಕರ ಬಿಟ್ಟುಕೊಟ್ಟಳು" ಎಂದು ಹೇಳಿಕೊಂಡು ಬಂದೆ. ನೆಂಟರೆಲ್ಲ ನಂಬಿದರು. ಹೇಳಿ ಹೇಳಿ ನಾನೂ ಮುಕ್ಕಾಲು ಪಾಲು ನಂಬಿದ್ದೆ.

ಕಮ್ಮಟದ ಕೊನೆಯ ಸಂಜೆ ಮಾಲೂರಿನಲ್ಲಿ ಸಮಾರೋಪ. ಆರಿಸಿದ ಐದು ಕಥೆಗಳ ಕೊನೆಯ ಎರಡೆರಡು ಪುಟ ಓದಬೇಕು, ಅದರಲ್ಲಿ ನನ್ನದೂ ಒಂದು. ಫೋನು ಮಾಡಿ ರತ್ನಳನ್ನು ಕರೆದಿದ್ದೆ. "ಸಂಜೆ ಬಾರೇ, ನಿನ್ನ ಕಥೆ ಓದ್ತೀನಿ" ಎಂದರೆ ಅವಳು "ನಂದೇನಕ್ಕ ಕಥೆ? ಆಯ್ತು, ಶಿಫ್ಟಿಗೆ ಮುಂಚೆ ಬಂದೋಗ್ತೀನಿ" ಎಂದಿದ್ದಳು. ಸಭೆಯಲ್ಲಿ ಅವಳನ್ನು ಎದ್ದು ನಿಲ್ಲಿಸಿ ಚಪ್ಪಾಳೆ ಹೊಡೆಸಬೇಕೆಂದು ನಾನು ಲೆಕ್ಕ ಹಾಕಿಕೊಂಡಿದ್ದೆ. ಹಾಗೆ ಮಾಡಿಬಿಟ್ಟರೆ ಆ ಮಾತು ಅವಳ ಮುಂದೆಯೇ ನಿಜವಾಗಿ, ಎಲ್ಲ ಅಲ್ಲಿಗೆ ಮುಗಿದುಹೋಗುತ್ತದೆ ಎಂಬ ಆಸೆ.

ಅದಕ್ಕೂ ಮುಂಚೆ ಮಧ್ಯಾಹ್ನ, ಲೇಖಕರಿಗೆ ಸ್ಫೂರ್ತಿ ಬರಲಿ ಎಂದು ಶಾಲೆಯ ವ್ಯಾನಿನಲ್ಲಿ ತುಂಬಿಕೊಂಡು ಶಿವಾರಪಟ್ಟಣಕ್ಕೆ ಕರೆದೊಯ್ದರು. ವಿಗ್ರಹ ಕೆತ್ತುವವರ ಊರು. ಇಳಿದದ್ದೇ ತಡ ನಮ್ಮವರೆಲ್ಲ ಅರ್ಧ ಕೆತ್ತಿದ ಗಣೇಶನ ಪಕ್ಕ ನಿಂತು ಸೆಲ್ಫಿಗೆ ಶುರುವಿಟ್ಟುಕೊಂಡರು. ದುಡಿಯುವವರು ಧೂಳಿನಲ್ಲಿ ಕೆಮ್ಮುತ್ತಿದ್ದರೆ ಒಬ್ಬ ಕವಿ "ಸ್ವಲ್ಪ ಉಳಿ ಹಿಡ್ಕೊಂಡು ಈ ಕಡೆ ನೋಡ್ರೀ" ಎನ್ನುತ್ತಿದ್ದ. ನೋಡಲಾಗದೆ, ಓದುವುದನ್ನಾದರೂ ಅಭ್ಯಾಸ ಮಾಡಿಕೊಳ್ಳೋಣವೆಂದು ಹಾಳೆ ತೆಗೆದುಕೊಂಡು ಬೀದಿಯ ಕೊನೆಯ ಶೆಡ್ಡಿಗೆ ನಡೆದೆ.

ಅಲ್ಲಿ ಒಬ್ಬ ತಾತ ಕುಕ್ಕರಗಾಲಿನಲ್ಲಿ ಕೂತು, ಮಂಚದಷ್ಟು ಉದ್ದದ ಕಪ್ಪು ಕಲ್ಲನ್ನು ಸಣ್ಣ ಸುತ್ತಿಗೆಯಿಂದ ಟಕ್ ಟಕ್ ಎಂದು ಬಡಿಯುತ್ತಿದ್ದರು. ಎಡಗೈ ಅಂಗೈಯನ್ನು ಕಲ್ಲಿನ ಮೇಲೆ ಬಿಗಿಯಾಗಿ ಊರಿದ್ದರು. ಒಳಗಿನಿಂದ ಬಂದ ಸೊಸೆ ನನ್ನ ಕೈಯಲ್ಲಿ ಹಾಳೆ ನೋಡಿ, "ಕೂತ್ಕೊಳ್ಳಿ ಮೇಡಂ, ಎಷ್ಟು ಜೋರಾಗಿ ಓದ್ಕೊಂಡ್ರೂ ಪರವಾಗಿಲ್ಲ. ಮಿಷನ್ ಸದ್ದಿಗೆ ಮಾವನ ಕಿವಿ ಹೋಗಿ ಹತ್ತು ವರ್ಷ ಆಯ್ತು, ಏನೂ ಕೇಳ್ಸಲ್ಲ" ಎಂದಳು.

"ಮತ್ತೆ ಕಲ್ಲು ಬಡಿದು ಏನು ನೋಡ್ತಾರೆ?"

"ಒಳಗಡೆ ಬಿರುಕಿದ್ರೆ ಸದ್ದು ಬೇರೆ ಬರುತ್ತಲ್ಲ, ಅದು. ಕಿವಿ ಹೋದ್ಮೇಲೆ ಅಂಗೈಗೇ ಗೊತ್ತಾಗುತ್ತೆ ಅಂತಾರೆ. ದೋಷ ಸಿಕ್ರೆ ಬಡಿಯೋದು ನಿಲ್ಸಿ ಅಲ್ಲಿ ಗುರ್ತು ಹಾಕ್ತಾರೆ. ಆಮೇಲೆ ಆ ಕಲ್ಲಲ್ಲಿ ದೇವರನ್ನ ಮಾಡಲ್ಲ."

ಅವಳು ಒಳಗೆ ಹೋದಳು. ನಾನು ಕಲ್ಲಿನ ಇನ್ನೊಂದು ತುದಿಯ ಮೇಲೆ ಕೂತು ಜೋರಾಗಿಯೇ ಓದತೊಡಗಿದೆ. ತಾತ ನನ್ನ ಕಡೆ ತಿರುಗಲಿಲ್ಲ. ಒಂದು ಪುಟ ಮುಗಿಯಿತು. ಎರಡನೆಯ ಪುಟದ ನಡುವೆ "ನೀನೇ ಹೋಗಕ್ಕ" ಎಂದೆ. ಟಕ್ ಟಕ್ ನಿಂತಿತು. ತಾತ ಪಕ್ಕದಲ್ಲಿದ್ದ ಕೆಂಪು ಜಾಜಿನ ತುಂಡು ತೆಗೆದುಕೊಂಡು ಕಲ್ಲಿನ ಮೇಲೆ ಒಂದು ಗೆರೆ ಎಳೆದು, ಮತ್ತೆ ಬಡಿಯತೊಡಗಿದರು.

ಕಲ್ಲಿನಲ್ಲಿ ಬಿರುಕು ಸಿಕ್ಕಿತು ಎಂದುಕೊಂಡೆ. ಬೇರೇನು ಅಂದುಕೊಳ್ಳಲಿ? ಆದರೂ ಆ ಪುಟವನ್ನು ಮತ್ತೆ ಮೊದಲಿನಿಂದ ಓದಿದೆ, ಈ ಸಲ ಬೇಕೆಂದೇ ನಿಧಾನವಾಗಿ. ಅಷ್ಟರಲ್ಲಿ ತಾತ ಬಡಿಯುತ್ತಾ ಕಲ್ಲಿನ ಬೇರೆ ಮೂಲೆಗೆ ಸರಿದಿದ್ದರು. ಅದೇ ಮಾತು ಬಾಯಿಂದ ಬಿತ್ತು. ಸುತ್ತಿಗೆ ನಿಂತಿತು, ಇನ್ನೊಂದು ಕೆಂಪು ಗೆರೆ ಬಿತ್ತು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಬೇಡಿ. ಈ ಮುದುಕ ನಾಟಕ ಆಡುತ್ತಿದ್ದಾನೆ, ಕಿವಿ ಕೇಳಿಸುತ್ತದೆ, ಹಾಳೆ ಹಿಡಿದ ಹೆಂಗಸನ್ನು ಕಂಡು ತಮಾಷೆ ಮಾಡುತ್ತಿದ್ದಾನೆ ಎನ್ನಿಸಿತು. ಎದ್ದು ಶೆಡ್ಡಿನ ಹೊರಗೆ, ಅವರ ಬೆನ್ನ ಹಿಂದೆ, ನಾಲ್ಕು ಮಾರು ದೂರದ ಹುಣಸೆ ಮರದ ಬುಡಕ್ಕೆ ಹೋಗಿ ನಿಂತೆ. ಬಾಯಿ ಬಿಗಿಯಾಗಿ ಮುಚ್ಚಿಕೊಂಡೆ. ಒಂದೂ ಸದ್ದಿಲ್ಲದೆ, ಬೆರಳಿಟ್ಟುಕೊಂಡು ಮನಸ್ಸಿನಲ್ಲೇ ಓದಿದೆ. ಬೆರಳು ಸಾಲಿನಿಂದ ಸಾಲಿಗೆ ಇಳಿಯುತ್ತಿದ್ದರೆ ಅತ್ತ ಟಕ್ ಟಕ್ ನಡೆದೇ ಇತ್ತು. ಬೆರಳು 'ನೀನೇ' ಎಂಬಲ್ಲಿಗೆ ಬಂತು. ಸುತ್ತಿಗೆ ನಿಂತಿತು.

ಈ ಸಲ ತಾತ ಗೆರೆ ಎಳೆಯಲಿಲ್ಲ. ಸ್ವಲ್ಪ ಹೊತ್ತು ಅಂಗೈ ಊರಿಕೊಂಡೇ ಕೂತಿದ್ದರು. ಆಮೇಲೆ ಹೆಗಲ ಟವೆಲನ್ನು ನೀರಿನಲ್ಲಿ ಅದ್ದಿ ಮೊದಲಿನ ಎರಡು ಗೆರೆಗಳನ್ನೂ ಒರೆಸಿಹಾಕಿ, ತಿರುಗಿ ನನ್ನನ್ನು ನೋಡಿದರು.

"ಕಲ್ಲಲ್ಲಿ ಇಲ್ಲ ಕಣಮ್ಮ. ಕಲ್ಲು ಸರಿಯಾಗೈತೆ" ಎಂದರು. ಕಿವಿ ಕೇಳದವರು ಮಾತಾಡುವ ಹಾಗೆ, ತುಂಬ ಜೋರಾಗಿ.

ಅಷ್ಟೇ. ಮತ್ತೆ ಬಡಿಯತೊಡಗಿದರು. ನಾನು ಸೊಸೆಗೂ ಹೇಳದೆ ವ್ಯಾನಿನ ಕಡೆ ದಾಪುಗಾಲು ಹಾಕಿದೆ.

ಇದಕ್ಕೆ ಎಷ್ಟು ಕಾರಣ ಹುಡುಕಿದ್ದೇನೋ ದೇವರಿಗೇ ಗೊತ್ತು. ಕಲ್ಲಿನ ಮೇಲೆ ಕೂತಿದ್ದಾಗ ನನ್ನ ದನಿ ಕಲ್ಲಿಗೆ ತಗುಲಿ ಅಂಗೈಗೆ ಗೊತ್ತಾಗಿರಬಹುದು. ಆ ಸಾಲಿಗೆ ಬಂದಾಗ ನನ್ನ ಮೈ ನಡುಗಿರಬಹುದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನಿಂತದ್ದೆಲ್ಲ ನನಗಾಗಿಯೇ ನಿಂತಿತು ಎಂದು ನಾನೇ ಅಂದುಕೊಂಡಿರಬಹುದು. ಮೊದಲ ಎರಡು ಸಲಕ್ಕೆ ಇದೆಲ್ಲ ಸಾಕು. ಬಾಯಿ ಮುಚ್ಚಿಕೊಂಡು, ಬೆನ್ನ ಹಿಂದೆ, ಮಣ್ಣಿನ ಮೇಲೆ ನಿಂತು ಓದಿದ್ದಕ್ಕೆ ಏನು ಹೇಳಲಿ? ಎರಡು ವರ್ಷದ ಮೇಲೆ ಧೈರ್ಯ ಮಾಡಿ ಅಲ್ಲಿಗೆ ಹೋದೆ. ತಾತ ತೀರಿಕೊಂಡಿದ್ದರು. ಆ ಕಲ್ಲು ಏನಾಯಿತು ಎಂದು ಕೇಳಿದೆ. "ಅಮ್ಮನವರ ವಿಗ್ರಹ ಆಯ್ತು ಮೇಡಂ. ಒಂದು ಕೂದಲಿನಷ್ಟೂ ಬಿರುಕು ಬರ್ಲಿಲ್ಲ" ಎಂದಳು ಸೊಸೆ. ತಾತನಿಗೆ ಓದು ಬರಹ ಬರುತ್ತಿತ್ತೇ ಎಂದು ಕೇಳಿದ್ದಕ್ಕೆ, ಹೆಬ್ಬೆಟ್ಟು ತೋರಿಸಿ ನಕ್ಕಳು.

ಅವತ್ತು ಸಂಜೆ ಸಮಾರೋಪದಲ್ಲಿ ರತ್ನ ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂತಿದ್ದಳು. ಕಾರ್ಖಾನೆಯ ನೀಲಿ ಕೋಟು, ಕೊರಳಲ್ಲಿ ಗುರುತಿನ ಕಾರ್ಡು, ತೊಡೆಯ ಮೇಲೆ ಊಟದ ಬ್ಯಾಗು. ಆ ಸಾಲನ್ನು ಬಿಟ್ಟು ಓದಬಹುದಿತ್ತು. ನಿಂತ ನಿಲುವಿನಲ್ಲೇ ಬದಲಾಯಿಸಿಯೂ ಓದಬಹುದಿತ್ತು, ಇಪ್ಪತ್ತೈದು ವರ್ಷ ಪಾಠ ಮಾಡಿದವಳಿಗೆ ಅದೇನು ಮಹಾ. ಆದರೆ ನನಗೆ ಹಠ ಬಂದುಬಿಟ್ಟಿತ್ತು. ಕಥೆ ನಂದು, ಯಾವನೋ ಕಿವುಡ ಮುದುಕ ಸುತ್ತಿಗೆ ನಿಲ್ಲಿಸಿದ ಅಂತ ನಾನ್ಯಾಕೆ ತಿದ್ದಲಿ? ಮೈಕಿಗೆ ಬಾಯಿ ಕೊಟ್ಟು, ಒಂದೊಂದು ಅಕ್ಷರವನ್ನೂ ಒತ್ತಿ ಒತ್ತಿ ಓದಿದೆ. ನಿರ್ದೇಶಕರು ಮತ್ತೆ ಕನ್ನಡಕ ತೆಗೆದರು. "ಆ ತಂಗಿ ಇಲ್ಲೇ ಇದ್ದಾಳೆ, ಏಳೇ ರತ್ನ" ಎಂದೆ. ಅವಳು ಬ್ಯಾಗನ್ನು ಎದೆಗೆ ಅವುಚಿಕೊಂಡು ಎದ್ದು ನಿಂತಳು. ಜನ ಚಪ್ಪಾಳೆ ಹೊಡೆದದ್ದೇ ಹೊಡೆದದ್ದು. ಹಾರ, ಶಾಲು, ಹಣ್ಣಿನ ತಟ್ಟೆ ಎಲ್ಲ ನನಗೆ ಆಯಿತು.

ಕೆಳಗಿಳಿದು ಬಂದಾಗ ರತ್ನ ಬಾಗಿಲ ಹತ್ತಿರ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಳು.

"ಹೆಂಗಿತ್ತೇ?" ಎಂದೆ.

"ಚೆನ್ನಾಗಿತ್ತಕ್ಕ. ಅಮ್ಮನ ಮಾತು ಇನ್ನೊಂದೆರಡು ಇರ್ಬೇಕಿತ್ತು." ಇನ್ನೊಂದು ಚಪ್ಪಲಿಯನ್ನೂ ಮೆಟ್ಟಿಕೊಂಡು ಹೇಳಿದಳು: "ಆ ಮಾತು ನಾನು ಅಂದಿಲ್ಲ ಕಣಕ್ಕ. ನೀನು ಕೇಳಿದ್ದಿದ್ರೆ ಅಂತಿದ್ನೇನೋ. ನೀನು ಕೇಳ್ಲೇ ಇಲ್ವಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಜಗಳ ಆಡಬಹುದಿತ್ತು, ಜಗಳ ಆಡಿ ಅತ್ತು ಕರೆದು ಮುಗಿಸಬಹುದಿತ್ತು. ಶಿಫ್ಟಿಗೆ ಹೊತ್ತಾಯಿತು ಎಂದು ಹೊರಟುಹೋದಳು. ನನ್ನ ಕೈಯಲ್ಲಿ ಹಣ್ಣಿನ ತಟ್ಟೆ ಇತ್ತು. ಅದನ್ನು ಅವಳಿಗೆ ಕೊಡಬೇಕೆಂದು ಕೂಡ ಹೊಳೆಯಲಿಲ್ಲ.

ಆ ತಾತನಿಗೆ ಹೇಗೆ ಗೊತ್ತಾಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಯಾರಾದರೂ ವಿವರಿಸಿ ಹೇಳಿದರೆ ಕೇಳುವುದಕ್ಕೆ ಸಿದ್ಧಳಿದ್ದೇನೆ. ಬಿರುಕು ಆ ಸಾಲಿನಲ್ಲಿದೆ ಎಂದು ವೇದಿಕೆ ಹತ್ತುವ ಮುಂಚೆ ನನಗೆ ಮೂರು ಸಲ ಹೇಳಿದ್ದಾಗಿತ್ತು, ನನಗೆ ಗೊತ್ತಿರುವುದು ಅಷ್ಟು ಮಾತ್ರ. ಹೇಳಿದವರ ಮೇಲೆ ಸಿಟ್ಟು ಮಾಡಿಕೊಂಡು ಹೋಗಿ ಅದನ್ನೇ ಓದಿದೆ.