ವೈರ್‌ಲೆಸ್ ರುದ್ರಪ್ಪಣ್ಣ

ರುದ್ರಪ್ಪಣ್ಣ ತಮ್ಮ ಕವಿತೆಯ ಪ್ರತಿ ಸಾಲಿನ ಕೊನೆಗೂ 'ಓವರ್' ಎನ್ನುತ್ತಿದ್ದರು. ಕಡೂರಿನ ಬಸ್ ಸ್ಟ್ಯಾಂಡ್ ಹಿಂದಿರುವ ನನ್ನ ಡಿಟಿಪಿ ಅಂಗಡಿಗೆ ಅವರು ಮೊದಲು ಬಂದ ದಿನ, ಹೇಳಿದ್ದನ್ನೆಲ್ಲ ಹಾಗೆಯೇ ಟೈಪ್ ಮಾಡಿ ಪ್ರಿಂಟ್ ಕೊಟ್ಟೆ. ಕನ್ನಡಕ ಏರಿಸಿ ಓದಿದರು.

"ಇದೇನಮ್ಮಾ, ಎಲ್ಲಾ ಸಾಲಿಗೂ ಓವರ್ ಓವರ್ ಅಂತ ಹೊಡ್ದಿದೀಯ?"

"ನೀವೇ ಹೇಳಿದ್ರಲ್ಲಣ್ಣ. ಹೊಸಾ ಥರದ ಕವಿತೆ ಇರ್ಬೋದು ಅಂದ್ಕೊಂಡೆ."

ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯೋ ಪೆದ್ದಿ, ಅದು ನನ್ನ ಚಾಳಿ ಕಣಮ್ಮ. ನಂದು ಮುಗೀತು, ಇನ್ನು ನೀನು ಮಾತಾಡು ಅಂತ."

ಅವರು ಸೈನ್ಯದಲ್ಲಿ ವೈರ್‌ಲೆಸ್ ಸೆಟ್ ಹೊತ್ತವರು. ಹಿಮದ ಬೆಟ್ಟಗಳಲ್ಲಿ ಯುದ್ಧ ಕಂಡು, ಹವಾಲ್ದಾರ್ ಆಗಿ ನಿವೃತ್ತರಾಗಿ, ತಮ್ಮೂರು ಬುಕ್ಕಾಂಬುಧಿಯಲ್ಲಿ ತೆಂಗಿನ ತೋಟ ನೋಡಿಕೊಂಡಿದ್ದರು. ಹತ್ತಿರದ ಅಜ್ಜಂಪುರ ಬಿಟ್ಟು ಇಲ್ಲಿಯವರೆಗೆ ಯಾಕೆ ಬರುತ್ತೀರಿ ಎಂದರೆ, "ಅಲ್ಲಿ ಟೈಪ್ ಮಾಡಿಸಿದ್ರೆ ಸಂಜೆಗೆ ಊರಿಗೆಲ್ಲ ಗೊತ್ತಾಗ್ತದೆ. ಹವಾಲ್ದಾರ್‌ಗೆ ತಲೆ ಕೆಡ್ತು ಅಂತಾರೆ" ಎಂದರು.

ಒಂದು ಸಾಲನ್ನೂ ಕಾಗದದಲ್ಲಿ ಬರೆದು ತರುತ್ತಿರಲಿಲ್ಲ. ಕುರ್ಚಿಯನ್ನು ಗೋಡೆಗೆ ಒತ್ತಿ, ಬಾಗಿಲು ಕಾಣುವಂತೆ ಕುಳಿತು, ನಿಧಾನವಾಗಿ ಹೇಳುತ್ತಿದ್ದರು. ನಾನು ಕಾದಿದ್ದು ತುತ್ತೂರಿಯಂಥ ಪದ್ಯಗಳನ್ನು. ಬಂದವು ಬೇರೆ.

ಹಿಮಕ್ಕೆ ವಾಸನೆ ಇಲ್ಲ.
ನನ್ನ ಕಂಬಳಿಗೆ ಇದೆ.
ಒಗೆಯಬೇಡ ಅಂದೆ ಹೆಂಡತಿಗೆ.
ಅವಳು ಒಗೆದಳು.

"ಮುಂದೆ?" ಎಂದೆ.

"ಮುಂದೇನಿಲ್ಲ. ಅಷ್ಟೇ ನಡ್ದಿದ್ದು."

ಯುದ್ಧ ಮುಗಿದು ಇಷ್ಟು ವರ್ಷವಾದ ಮೇಲೆ ಕವಿತೆ ಯಾಕೆ ಎಂಬುದು ನನ್ನ ಕುತೂಹಲ. ಕೇಳಿದಾಗ, "ಬೆಟ್ಟ ಹತ್ತೋವಾಗ ಹಾಡು ಬರಲ್ಲ ಕಣಮ್ಮ. ನಾನಿನ್ನೂ ಇಳೀತಾ ಇದೀನಿ" ಎಂದರು.

ಒಂದು ಮಧ್ಯಾಹ್ನ ಪಕ್ಕದ ಅಂಗಡಿಯವನು ಶಟರನ್ನು ಧಡಾರನೆ ಎಳೆದ. ತಿರುಗಿ ನೋಡಿದರೆ ಕುರ್ಚಿಯಲ್ಲಿ ರುದ್ರಪ್ಪಣ್ಣ ಇಲ್ಲ. ನನ್ನ ಮೇಜಿನ ಕೆಳಗಿದ್ದರು, ಕೈಗಳಿಂದ ತಲೆ ಮುಚ್ಚಿಕೊಂಡು. ಸ್ವಲ್ಪ ಹೊತ್ತಿನ ಮೇಲೆ ಅಲ್ಲಿಂದಲೇ ದನಿ ಬಂತು: "ಎಲ್ಲಿಗೆ ನಿಲ್ಸಿದ್ವಿ?" ಮೇಜಿನ ಕೆಳಗಿನಿಂದಲೇ ಮುಂದಿನ ಸಾಲು ಹೇಳಿದರು. ನಾನು ಟೈಪ್ ಮಾಡಿದೆ.

ಪುಸ್ತಕಕ್ಕೆ ಆಗುವಷ್ಟು ಕವಿತೆಗಳಾದ ಮೇಲೆ ಕೊನೆಯದೊಂದನ್ನು ಹೇಳಿದರು.

ಸೆಟ್ಟಿನಲ್ಲಿ ಮಂಜ ಅಂದ,
ಹೆದರಿಕೆ ಆಗ್ತೈತೆ ಅಣ್ಣ, ಏನಾದರೂ ಮಾತಾಡು.
ಮಾತಾಡಬಾರದೆಂದು ಹುಕುಮಿತ್ತು.
ನನ್ನ ಹೆಬ್ಬೆರಳು ಬಟನ್ ಮೇಲಿತ್ತು.
ಇನ್ನೂ ಇದೆ.

ಮಂಜ ಯಗಟಿಯ ಹುಡುಗ, ಅದೇ ಪಡೆಯವನು. ಗಾಯಗೊಂಡು ಮುಂದಿನ ಬಂಡೆಯ ಮರೆಯಲ್ಲಿ ಒಬ್ಬನೇ ಉಳಿದಿದ್ದ. ಸೆಟ್ಟಿನಲ್ಲಿ ಹಿಂದಿಯಲ್ಲೇ ಮಾತಾಡಬೇಕು. ಅವನು ಕನ್ನಡದಲ್ಲಿ ಕರೆದ. ಇವರು ಬಟನ್ ಒತ್ತಿ ಉತ್ತರಿಸಿದರೆ, ಇವರ ಜೊತೆ ಮೇಲೆ ಹತ್ತುತ್ತಿದ್ದ ತುಕಡಿ ಎಲ್ಲಿದೆಯೆಂದು ಶತ್ರುವಿಗೆ ಗೊತ್ತಾಗುತ್ತಿತ್ತು. ಬೆಳಗಾಗುವ ಮುಂಚೆ ಅವನ ದನಿ ನಿಂತಿತು. ಯಗಟಿಯಲ್ಲಿ ಅವನ ಹೆಸರಿನ ಕಲ್ಲು ನೆಟ್ಟಿದ್ದಾರೆ, 'ಅಂಜದ ವೀರ' ಎಂದು ಕೆತ್ತಿದ್ದಾರೆ.

"ಅವನ ತಾಯಿ ಇದಾರೆ. ಆಯಮ್ಮ ಕೇಳಿ, ಹೂಂ ಅನ್ನದೆ ಇದನ್ನ ಅಚ್ಚು ಹಾಕಲ್ಲ. ಬೇಡ ಅಂದ್ರೆ ಪುಸ್ತಕಾನೇ ಬೇಡ" ಎಂದರು. ಒಬ್ಬರೇ ಹೋಗಲು ಧೈರ್ಯವಿರಲಿಲ್ಲ. ನಾನೂ ಬಸ್ ಹತ್ತಿದೆ.

ಮಂಜನ ತಾಯಿ ಸಣ್ಣಮ್ಮ ಅಂಗಳದಲ್ಲಿ ಕುರಿಮರಿಗೆ ಸೊಪ್ಪು ಕಟ್ಟುತ್ತಿದ್ದರು. "ಬಾ ಕಣಪ್ಪ ರುದ್ರಪ್ಪ. ಪ್ರತಿ ವರ್ಷ ಬತ್ತೀಯ, ಕಾಪಿ ಕುಡೀತೀಯ, ಬಾಯಿ ಬಿಡ್ದಂಗೆ ಹೋಗ್ತೀಯ. ಈ ಸಲ ಸಾಕ್ಷಿ ಬೇರೆ ಕರ್ಕಂಬಂದಿದೀಯಲ್ಲ!" ಎಂದು ನನ್ನನ್ನು ನೋಡಿ ನಕ್ಕರು.

ರುದ್ರಪ್ಪಣ್ಣ ನಿಂತುಕೊಂಡೇ ಕವಿತೆ ಹೇಳಿದರು. ಅವತ್ತು ಓವರ್ ಎನ್ನಲಿಲ್ಲ. ಸಣ್ಣಮ್ಮ ಸೊಪ್ಪಿನ ಗಂಟನ್ನು ಬಿಗಿ ಮಾಡಿ, ಎದ್ದು ಬಂದು ಜಗಲಿಯಲ್ಲಿ ಕುಳಿತರು.

"ಅವ್ನು ಪುಕ್ಲ ಕಣಪ್ಪ. ಹೆತ್ತೋಳಿಗೆ ಗೊತ್ತಿರಲ್ವಾ? ಕತ್ಲಾದ್ರೆ ಹಟ್ಟಿ ಹಿಂದಕ್ಕೆ ಹೋಗಾಕೂ ನಾನು ಜೊತೇಲಿರ್ಬೇಕಿತ್ತು. ಆ ಕಲ್ಲಲ್ಲಿರೋನು ಯಾರೋ, ನಂಗಂತೂ ಗೊತ್ತಿಲ್ಲ."

ಆಮೇಲೆ ಕೇಳಿದರು: "ಹುಕುಂ ಇಲ್ದಿದ್ರೆ ಏನ್ ಮಾತಾಡ್ತಿದ್ದೆ?"

ರುದ್ರಪ್ಪಣ್ಣ ತಮ್ಮ ಹೆಬ್ಬೆರಳನ್ನು ನೋಡಿಕೊಂಡರು. ಇಷ್ಟು ವರ್ಷ ಬಟನ್ ಮೇಲೆ ಬೆರಳಿಟ್ಟುಕೊಂಡೇ ಬದುಕಿದವರು, ಒತ್ತಿದ್ದರೆ ಏನು ಹೇಳುತ್ತಿದ್ದೆ ಎಂದು ಯೋಚಿಸಿಯೇ ಇರಲಿಲ್ಲ ಎಂದು ನನಗೆ ತೋರಿತು.

"ಊಟ ಆಯ್ತಾ ಅಂತಿದ್ದೆನೇನೋ ಅಮ್ಮ."

"ಅಷ್ಟೇ ಸಾಕಿತ್ತು" ಎಂದರು ಸಣ್ಣಮ್ಮ.

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇಬ್ಬರಿಗೂ ಮುದ್ದೆ ಬಡಿಸಿದರು, ಸಾರಿಗೆ ಉಪ್ಪು ಕಮ್ಮಿಯಾಯಿತೆಂದು ತಮ್ಮನ್ನೇ ಬೈದುಕೊಂಡರು. ಹೊರಡುವಾಗ, "ಹಾಕ್ಸು ಪುಸ್ತಕಕ್ಕೆ. ಅವ್ನು ನಿಜವಾಗ್ಲೂ ಹೆಂಗಿದ್ದ ಅಂತ ಒಂದು ಕಡೆಯಾದ್ರೂ ಇರ್ಲಿ" ಎಂದರು.

ವಾಪಸು ಬರುವಾಗ ನಾನು ರುದ್ರಪ್ಪಣ್ಣನ ಮುಖವನ್ನು ಕದ್ದು ನೋಡುತ್ತಿದ್ದೆ. ಹಗುರವಾಯಿತೋ, ಇಲ್ಲವೋ? ಅವರು ಕಿಟಕಿಯಾಚೆ ನೋಡುತ್ತಿದ್ದರು. ಹೆಬ್ಬೆರಳು ಮುಂದಿನ ಸೀಟಿನ ಕಂಬಿಯನ್ನು ಒತ್ತುತ್ತಿತ್ತು, ಬಿಡುತ್ತಿತ್ತು. ಕಡೂರಿನಲ್ಲಿ ಇಳಿದು, "ಬರ್ತೀನಿ ಕಣಮ್ಮ" ಎಂದು ಅಜ್ಜಂಪುರದ ಬಸ್ಸಿನತ್ತ ನಡೆದರು. ನಾನು ಅವರನ್ನು ನೋಡಿದ್ದು ಅದೇ ಕೊನೆ. ಪುಸ್ತಕ ಇನ್ನೂ ಅಚ್ಚಿನಲ್ಲಿದ್ದಾಗ ಒಂದು ಬೆಳಿಗ್ಗೆ ತೋಟದಲ್ಲಿ ಎದೆ ಹಿಡಿದುಕೊಂಡು ಕುಸಿದರಂತೆ.

ಮೊದಲ ಪ್ರತಿಯನ್ನು ನಾನೇ ಯಗಟಿಗೆ ತೆಗೆದುಕೊಂಡು ಹೋದೆ. ಸಣ್ಣಮ್ಮನಿಗೆ ಸಾವಿನ ಸುದ್ದಿ ಮುಟ್ಟಿತ್ತು. ಅವರಿಗೆ ಓದು ಬಾರದು. ರುದ್ರಪ್ಪಣ್ಣನ ಹೆಸರು ಎಲ್ಲಿದೆ ಎಂದು ಕೇಳಿ, ಅದರ ಮೇಲೆ ಬೆರಳಿಟ್ಟರು.

"ಅಷ್ಟೇ ಸಾಕಿತ್ತು ಅಂದ್ಬಿಟ್ಟೆ ಅವತ್ತು. ಯೋಚ್ನೆ ಮಾಡ್ದೆ ನೆಟ್ಟಗೆ ಬಾಯಿಗೆ ಬಂದಿದ್ದು ಆ ಮಾತು. ಅನ್ಬಾರ್ದಿತ್ತು. ಅದನ್ನೇ ಹೊತ್ಕಂಡು ಹೋದ್ನೇನವ್ವ?"

ಇಲ್ಲಮ್ಮ ಎನ್ನಲು ಬಾಯಿ ತೆರೆದೆ. ಆದರೆ ಬಸ್ಸಿನಲ್ಲಿ ಅವರ ಮುಖವನ್ನು ಅಷ್ಟು ಹೊತ್ತು ನೋಡಿದ್ದವಳು ನಾನು. ಹಗುರವಾಯಿತೋ ಇಲ್ಲವೋ, ನನಗೆ ಗೊತ್ತಾಗಿರಲಿಲ್ಲ.